ಬಾರದ ಹರಳಿಗೂ ಒಂದು ಪುಟ ಕೊಡಿ

ನನ್ನ ಪ್ರಥಮ ಪಿಯುಸಿಯ ಕೆಮಿಸ್ಟ್ರಿ ರೆಕಾರ್ಡ್ ಪುಸ್ತಕದಲ್ಲಿ ಒಂದು ಸುಳ್ಳಿದೆ. ಅಶುದ್ಧ ಮೈಲುತುತ್ತದಿಂದ ಶುದ್ಧ ಹರಳು ತೆಗೆಯುವ ಪ್ರಯೋಗ ಅದು. ಕಡು ನೀಲಿ ಹರಳುಗಳು ದೊರೆತವು ಎಂದು ಫಲಿತಾಂಶದ ಜಾಗದಲ್ಲಿ ಅಂದವಾಗಿ ಬರೆದಿದ್ದೇನೆ. ಕೆಳಗೆ ಕೆಂಪು ಶಾಯಿಯ ಸಹಿಯೂ ಇದೆ. ನನಗೆ ನಿಜವಾಗಿ ದೊರೆತದ್ದು ಚೀನಾ ಡಿಶ್‌ನ ತಳಕ್ಕೆ ಅಂಟಿಕೊಂಡ ಮಾಸಲು ಪುಡಿ. ದ್ರಾವಣ ಹದಕ್ಕೆ ಬಂತೇ ಎಂದು ಗಾಜಿನ ಕಡ್ಡಿ ಅದ್ದಿ, ಊದಿ ನೋಡಬೇಕಿತ್ತು. ನಾನು ಗೆಳತಿಯ ಜೊತೆ ಮಾತಿಗೆ ನಿಂತೆ, ಬರ್ನರ್ ಉರಿಯುತ್ತಲೇ ಇತ್ತು.

ಪಕ್ಕದ ಬ್ಯಾಚಿನವರು ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕುವುದನ್ನು ಮರೆತಿದ್ದರು, ಅವರ ದ್ರಾವಣ ಕದಡಿಹೋಯಿತು. ಇನ್ನೊಂದು ಬ್ಯಾಚಿನವರು ತಣಿಯಲು ಇಟ್ಟದ್ದನ್ನು ಎರಡು ನಿಮಿಷಕ್ಕೊಮ್ಮೆ ಎತ್ತಿ ಅಲುಗಾಡಿಸಿ ನೋಡಿ, ದೊಡ್ಡ ಹರಳಿನ ಬದಲು ರವೆಯಂಥ ಚೂರು ಪಡೆದರು. ಒಳ್ಳೆಯ ಹರಳು ಬಂದದ್ದು ಎರಡೇ ಬ್ಯಾಚಿಗೆ. ಆದರೆ ಇಡೀ ತರಗತಿಯ ರೆಕಾರ್ಡ್‌ಗಳನ್ನು ತೆರೆದು ನೋಡಿ, ಎಲ್ಲರಿಗೂ ಕಡು ನೀಲಿ ಹರಳೇ ಬಂದಿದೆ. ಸೀನಿಯರ್‌ಗಳ ರೆಕಾರ್ಡ್ ನಮಗೆ ಬಂದಿತ್ತು. ನಮ್ಮದು ಈಗ ಜೂನಿಯರ್‌ಗಳ ಕೈಯಲ್ಲಿದೆ.

ಒಂದು ವರ್ಷ ಇದು ನನ್ನ ಮನಸ್ಸಿಗೆ ಚುಚ್ಚಲೇ ಇಲ್ಲ. ಈ ಸಲ ಬಯಾಲಜಿ ಮೇಡಂ ನನಗೆ ಸೆಮಿನಾರಿಗೆ ಪ್ರೊಟೀನ್‌ಗಳ ರಚನೆ ಎಂಬ ವಿಷಯ ಕೊಟ್ಟರು. ಓದುತ್ತ ಹೋದಾಗ ಒಂದು ಪ್ರಶ್ನೆಗೆ ಸಿಕ್ಕಿಕೊಂಡೆ: ಯಾವ ಪ್ರೊಟೀನ್ ಯಾವ ಸ್ಥಿತಿಯಲ್ಲಿ ಹರಳುಗಟ್ಟುತ್ತದೆ ಎಂದು ಮೊದಲೇ ಹೇಳಲು ಸಾಧ್ಯವೇ? ಇಷ್ಟೆಲ್ಲ ಕಂಪ್ಯೂಟರ್ ಇರುವ ಕಾಲದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಒಂದು ಹೊಸ ಪ್ರೊಟೀನನ್ನು ಕೈಗೆ ಕೊಟ್ಟರೆ ಇಷ್ಟು ಉಪ್ಪು, ಇಷ್ಟು ಪಿಎಚ್, ಇಷ್ಟು ಉಷ್ಣತೆಯಲ್ಲಿಡಿ, ಖಂಡಿತ ಹರಳಾಗುತ್ತದೆ ಎಂದು ಭರವಸೆಯಿಂದ ಹೇಳಬಲ್ಲವರು ಇಂದಿಗೂ ಇಲ್ಲ. ಅದರ ಕಾರಣಗಳಲ್ಲಿ ಒಂದು ನನ್ನ ರೆಕಾರ್ಡ್ ಪುಸ್ತಕದ ಕಾರಣವೇ ಎಂದು ತಿಳಿದಾಗ ನಾಚಿಕೆಯಾಯಿತು. ಅದಕ್ಕೇ ಈ ಬರಹ.

ಮೊದಲು ಹರಳು ಯಾಕೆ ಬೇಕು ಎಂಬುದು. ಪ್ರೊಟೀನಿನ ಒಂದು ಅಣುವಿನ ಮೇಲೆ ಎಕ್ಸ್‌ರೇ ಬಿಟ್ಟರೆ ಚದುರಿ ಬರುವ ಸಂಕೇತ ಏನಕ್ಕೂ ಸಾಲದು. ಕೋಟಿ ಕೋಟಿ ಅಣುಗಳು ಒಂದೇ ಕ್ರಮದಲ್ಲಿ ಸಾಲುಗಟ್ಟಿ ನಿಂತರೆ ಆ ಸಂಕೇತಗಳು ಕೂಡಿಕೊಂಡು ಅಳೆಯುವಷ್ಟಾಗುತ್ತವೆ. ಆ ಚುಕ್ಕೆಗಳ ಚಿತ್ರದಿಂದ ಲೆಕ್ಕ ಹಾಕಿ ಅಣುವಿನಲ್ಲಿ ಯಾವ ಪರಮಾಣು ಎಲ್ಲಿದೆ ಎಂದು ತಿಳಿಯುತ್ತಾರೆ. ಔಷಧ ಹೋಗಿ ಎಲ್ಲಿ ಕೂರುತ್ತದೆ ಎಂಬುದೂ ಹೀಗೆಯೇ ಗೊತ್ತಾಗುತ್ತದೆ.

ಮೈಲುತುತ್ತದಲ್ಲಿ ಸಾಲುಗಟ್ಟಿ ನಿಲ್ಲುವುದು ಪುಟ್ಟ ಪುಟ್ಟ ಅಯಾನುಗಳು. ಎಷ್ಟು ಬಿಸಿಯಲ್ಲಿ ಎಷ್ಟು ಕರಗುತ್ತದೆ ಎಂಬುದಕ್ಕೆ ಪಟ್ಟಿಯೇ ಇದೆ. ಸಕ್ಕರೆಯೂ ಹಾಗೆಯೇ, 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 200 ಗ್ರಾಂ. ಪ್ರೊಟೀನ್ ಅಂದರೆ ಸಾವಿರಾರು ಪರಮಾಣುಗಳ ಮೆತ್ತನೆಯ ಉಂಡೆ. ಮೈತುಂಬ ಧನ ಋಣ ವಿದ್ಯುದಂಶಗಳು, ಪಿಎಚ್ ಬದಲಾದಂತೆಲ್ಲ ಅವೂ ಬದಲಾಗುತ್ತವೆ. ಪಕ್ಕದ ಅಣುವನ್ನು ಅದು ಮುಟ್ಟುವುದು ಕೆಲವೇ ಕಡೆ, ಅದೂ ಸಡಿಲವಾಗಿ. ಪ್ರೊಟೀನ್ ಹರಳಿನ ಹೆಚ್ಚುಕಡಿಮೆ ಅರ್ಧ ಭಾಗ ನೀರೇ ಆಗಿರುತ್ತದೆ. ನಮ್ಮ ಕಲ್ಲುಸಕ್ಕರೆಯ ಹಾಗೆ ಗಟ್ಟಿ ವಸ್ತು ಎಂದುಕೊಳ್ಳಬೇಡಿ, ಸೂಜಿಯಿಂದ ಚುಚ್ಚಿದರೆ ಪುಡಿಯಾಗುವಂಥದ್ದು.

ಹರಳುಗಟ್ಟಿಸುವ ವಿಧಾನ ನೋಡಲು ಬಹಳ ಸರಳ. ಪುಟ್ಟ ಗುಳಿಯೊಂದರಲ್ಲಿ ಉಪ್ಪಿನ ದ್ರಾವಣ ಹಾಕುತ್ತಾರೆ. ಅಮೋನಿಯಂ ಸಲ್ಫೇಟ್ ಇರಬಹುದು, ಪಾಲಿಎಥಿಲೀನ್ ಗ್ಲೈಕಾಲ್ ಇರಬಹುದು. ಗಾಜಿನ ಕವರ್ ಸ್ಲಿಪ್ ಮೇಲೆ ಒಂದು ಮೈಕ್ರೋಲೀಟರ್ ಪ್ರೊಟೀನ್, ಒಂದು ಮೈಕ್ರೋಲೀಟರ್ ಅದೇ ದ್ರಾವಣ ಬೆರೆಸಿ, ಸ್ಲಿಪ್ಪನ್ನು ಮಗುಚಿ ಗುಳಿಯ ಮೇಲಿಟ್ಟು ಅಂಚಿಗೆ ಗ್ರೀಸ್ ಹಚ್ಚಿ ಮುಚ್ಚುತ್ತಾರೆ. ಹನಿ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಅದರ ನೀರು ನಿಧಾನವಾಗಿ ಆವಿಯಾಗಿ ಕೆಳಗಿನ ದ್ರಾವಣಕ್ಕೆ ಸೇರುತ್ತ ಹೋದಂತೆ ಹನಿಯೊಳಗಿನ ಪ್ರೊಟೀನ್ ಸಾಂದ್ರವಾಗುತ್ತದೆ. ಆಮೇಲೆ ಕಾಯುವುದು. ದಿನ, ವಾರ, ಕೆಲವೊಮ್ಮೆ ತಿಂಗಳು. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನ ಹನಿಗಳಲ್ಲಿ ಕಾಣುವುದು ಎರಡೇ ಬಗೆ: ಏನೂ ಆಗದ ತಿಳಿನೀರು, ಇಲ್ಲವೇ ಒಡೆದ ಹಾಲಿನಂಥ ಗಸಿ.

ಹರಳಿನ ಬೀಜ ಮೂಡಲು ಬೇಕಾದ ಸ್ಥಿತಿ ಒಂದು, ಮೂಡಿದ ಬೀಜ ದೊಡ್ಡದಾಗಿ ಬೆಳೆಯಲು ಬೇಕಾದ ಸ್ಥಿತಿ ಇನ್ನೊಂದು. ಇವೆರಡರ ನಡುವಿನ ಸಂದು ಬಹಳ ಕಿರಿದು. ಹಾಗಾಗಿ ವಿಜ್ಞಾನಿಗಳೂ ಕೈಚಳಕಗಳನ್ನು ನಂಬಿದ್ದಾರೆ. ಹಳೆಯ ಹರಳನ್ನು ಅರೆದು, ಬೆಕ್ಕಿನ ಮೀಸೆಯ ಕೂದಲನ್ನು ಅದರಲ್ಲಿ ಅದ್ದಿ, ಹೊಸ ಹನಿಯ ಮೂಲಕ ಒಂದು ಗೆರೆ ಎಳೆಯುವುದು ಅಂಥದ್ದೊಂದು. ತಮಾಷೆಯಲ್ಲ, ನಿಜಕ್ಕೂ ಮಾಡುತ್ತಾರೆ. ಗೆರೆ ಎಳೆದ ದಾರಿಯಲ್ಲಿ ಹರಳುಗಳು ಸಾಲಾಗಿ ಹುಟ್ಟುತ್ತವೆ.

ಈಗ ಒಂದು ಲೆಕ್ಕ ಮಾಡೋಣ. 20 ಬಗೆಯ ಉಪ್ಪು ಮತ್ತು ಪಾಲಿಮರ್, ಪ್ರತಿಯೊಂದಕ್ಕೂ 10 ಸಾಂದ್ರತೆ, 10 ಪಿಎಚ್, ಸೇರಿಸಬಹುದಾದ 20 ಬೇರೆ ವಸ್ತು, 2 ಉಷ್ಣತೆ. ಗುಣಿಸಿದರೆ 80,000 ಹನಿ. ಮಿಲಿಲೀಟರಿಗೆ 10 ಮಿಲಿಗ್ರಾಂ ಸಾಂದ್ರತೆಯಲ್ಲಿ ಹನಿಗೊಂದು ಮೈಕ್ರೋಲೀಟರ್ ಅಂದರೂ 800 ಮಿಲಿಗ್ರಾಂ ಪ್ರೊಟೀನ್ ಬೇಕು. ತಿಂಗಳುಗಟ್ಟಲೆ ಕಷ್ಟಪಟ್ಟು ಶುದ್ಧೀಕರಿಸಿದ ಪ್ರೊಟೀನ್ ಐದೇ ಮಿಲಿಗ್ರಾಂ ಇದ್ದರೆ 500 ಹನಿಗೆ ಮುಗಿಯಿತು. ಎಲ್ಲವನ್ನೂ ಪರೀಕ್ಷಿಸಿ ನೋಡುವ ದಾರಿ ಅಲ್ಲಿಗೇ ಮುಚ್ಚಿತು. ಊಹಿಸಲೇಬೇಕು.

1991ರಲ್ಲಿ ಜಾನ್ಕಾರಿಕ್ ಮತ್ತು ಕಿಮ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಜಾಣ ದಾರಿ ತೋರಿಸಿದರು. ಅದುವರೆಗೆ ಪ್ರೊಟೀನ್‌ಗಳು ಹರಳುಗಟ್ಟಿದ್ದ ಸ್ಥಿತಿಗಳನ್ನು ನೋಡಿ, ಅವುಗಳ ಸುತ್ತಮುತ್ತಲಿನ 50 ದ್ರಾವಣಗಳ ಒಂದು ಗುಂಪು ಮಾಡಿದರು. ಹೊಸ ಪ್ರೊಟೀನ್ ಬಂದರೆ ಮೊದಲು ಈ 50ರಲ್ಲಿ ಹಾಕಿ ನೋಡಿ ಎಂದರು. ಇದು ಎಷ್ಟು ಉಪಯುಕ್ತವಾಯಿತೆಂದರೆ ಅಂಥ ಕಿಟ್‌ಗಳು ಅಂಗಡಿ ಸಾಮಾನಿನಂತೆ ಮಾರಾಟಕ್ಕೆ ಬಂದವು, ಲೋಕದ ಪ್ರಯೋಗಾಲಯಗಳೆಲ್ಲ ಅಲ್ಲಿಂದಲೇ ಶುರು ಮಾಡತೊಡಗಿದವು.

ಆದರೆ ಇಲ್ಲೊಂದು ತೊಡಕಿದೆ. ನಮಗೆ ಚೆನ್ನಾಗಿ ಗೊತ್ತಿರುವ ಉದಾಹರಣೆಯಲ್ಲೇ ಹೇಳುತ್ತೇನೆ. ಪ್ರತಿ ವರ್ಷ ರಿಸಲ್ಟ್ ಬಂದ ಮರುದಿನ ಪತ್ರಿಕೆಗಳಲ್ಲಿ ಟಾಪರ್‌ಗಳ ಸಂದರ್ಶನ ಬರುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದೆ ಎನ್ನುತ್ತಾರೆ. ಮನೆಯಲ್ಲಿ ನಮ್ಮನ್ನೂ ನಾಲ್ಕಕ್ಕೆ ಎಬ್ಬಿಸಲು ಶುರು ಮಾಡುತ್ತಾರೆ. ನಾಲ್ಕಕ್ಕೇ ಎದ್ದು ಫೇಲಾದವರ ಸಂದರ್ಶನವನ್ನು ಯಾರಾದರೂ ಮಾಡಿದ್ದಾರೆಯೇ? ಅವರೆಷ್ಟು ಜನ ಎಂದು ತಿಳಿಯದೆ, ನಾಲ್ಕಕ್ಕೆ ಏಳುವುದರಿಂದ ಅಂಕ ಬರುತ್ತದೋ ಇಲ್ಲವೋ ಎಂದು ಹೇಳುವುದು ಹೇಗೆ?

ಪ್ರೊಟೀನ್ ಹರಳಿನ ಕಥೆಯೂ ಇದೇ. ಪ್ರಬಂಧಗಳಲ್ಲಿ, ಭಂಡಾರಗಳಲ್ಲಿ ಇರುವುದು ಹರಳು ಬಂದ ಸ್ಥಿತಿಯ ವಿವರ. ಅದೇ ಪ್ರೊಟೀನ್ ಬೇರೆ ಎಷ್ಟು ನೂರು ಹನಿಗಳಲ್ಲಿ ಗಸಿಯಾಯಿತು, ಎಷ್ಟರಲ್ಲಿ ತಿಳಿಯಾಗಿಯೇ ಉಳಿಯಿತು ಎಂಬುದು ಬಹುತೇಕ ಯಾವುದೋ ನೋಟ್‌ಬುಕ್ಕಿನಲ್ಲಿ ಸತ್ತುಹೋಗಿದೆ. ಸಾಲದ್ದಕ್ಕೆ, ಎಲ್ಲರೂ ಒಂದೇ ತರದ ಕಿಟ್ ಬಳಸಿದರೆ ಆ ಕಿಟ್‌ನ ಸ್ಥಿತಿಗಳೇ ಮತ್ತೆ ಮತ್ತೆ ಯಶಸ್ವಿಯೆಂದು ದಾಖಲಾಗುತ್ತವೆ. ಯಶಸ್ವಿಯಾದದ್ದು ಅವು ಉತ್ತಮ ಎಂಬ ಕಾರಣಕ್ಕೋ, ಹೆಚ್ಚು ಜನ ಅವನ್ನೇ ಪರೀಕ್ಷಿಸಿದರು ಎಂಬ ಕಾರಣಕ್ಕೋ? ಬಿಡಿಸಿ ಹೇಳಲು ಸೋಲಿನ ಲೆಕ್ಕವೇ ಬೇಕು.

ಸೋಲಿನ ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯ ಫ್ರಿಜ್ಜಿನಲ್ಲೇ ಸಾಕ್ಷಿಯಿದೆ. ನನ್ನ ನಾನಿ ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಾರೆ. ಹಾಲಿನಂತೆ ಬೆಳ್ಳಗಿರುವ ಆ ಸೀಸೆಯನ್ನು ಮೊದಲು ಅಂಗೈಗಳ ನಡುವೆ ಉರುಳಿಸಬೇಕು. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ. ಆ ಬಿಳುಪು ಅಂದರೆ ದ್ರವದಲ್ಲಿ ತೇಲುತ್ತಿರುವ ಇನ್ಸುಲಿನ್ ಪ್ರೊಟೀನಿನ ಅತಿ ಸಣ್ಣ ಹರಳುಗಳು. ಚರ್ಮದಡಿ ಅವು ನಿಧಾನವಾಗಿ ಕರಗುವುದರಿಂದಲೇ ಔಷಧ ಗಂಟೆಗಟ್ಟಲೆ ಕೆಲಸ ಮಾಡುತ್ತದೆ.

ಇನ್ಸುಲಿನ್ ಮೊದಲು ಹರಳಾದದ್ದು 1926ರಲ್ಲಿ, ಅಮೆರಿಕದ ಜಾನ್ ಜೇಕಬ್ ಏಬಲ್ ಅವರ ಕೈಯಲ್ಲಿ. ಆದರೆ ಅದೇ ಕ್ರಮ ಅನುಸರಿಸಿದರೂ ಒಮ್ಮೆ ಹರಳು ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಕಣ್ಣಿಗೆ ಕಾಣದ ಏನೋ ಒಂದು ಬದಲಾಗುತ್ತಿತ್ತು. 1934ರಲ್ಲಿ ಕೆನಡಾದ ಟೊರಾಂಟೊದಲ್ಲಿ ಡಿ. ಎ. ಸ್ಕಾಟ್ ಅದೇನೆಂದು ತೋರಿಸಿದರು: ಸತು. ಹರಳಾದ ಇನ್ಸುಲಿನ್‌ನಲ್ಲಿ ಸತು ಇತ್ತು. ಬೇಕೆಂದೇ ಸತುವಿನ ಲವಣ ಬೆರೆಸಿದರೆ ಹರಳು ಸಲೀಸಾಗಿ ಬಂತು. ಬಂದ ಸಲ, ಬಾರದ ಸಲ ಎರಡನ್ನೂ ಎದುರಿಗಿಟ್ಟುಕೊಳ್ಳದೆ ಇಂಥ ಅಂಶ ಬಯಲಾಗುವುದು ಹೇಗೆ? ಮರುವರ್ಷ, 1935ರಲ್ಲಿ, ಡೊರೊಥಿ ಹಾಜ್‌ಕಿನ್ ಇನ್ಸುಲಿನ್ ಹರಳಿನ ಮೊದಲ ಎಕ್ಸ್‌ರೇ ಚಿತ್ರ ತೆಗೆದರು. ಪೂರ್ತಿ ರಚನೆ ಬಿಡಿಸಿದ್ದು 1969ರಲ್ಲಿ. 34 ವರ್ಷ! ನಾವು ಒಂದು ಯುನಿಟ್ ಟೆಸ್ಟ್ ಕೆಟ್ಟರೆ ಕಾಂಬಿನೇಷನ್ನೇ ಬದಲಿಸುವ ಯೋಚನೆ ಮಾಡುತ್ತೇವೆ.

1969ರ ಆ ತಂಡದಲ್ಲಿ ಎಂ. ವಿಜಯನ್ ಎಂಬ ಭಾರತೀಯರಿದ್ದರು. ಅವರು ಅಲ್ಲಿಂದ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಟೀನ್ ಹರಳುಗಳ ಅಧ್ಯಯನವನ್ನು ಬೆಳೆಸಿದರು. ಆ ಸಂಸ್ಥೆಯಿಂದ 1994ರಲ್ಲಿ ಕಡಲೆಕಾಯಿಯ ಲೆಕ್ಟಿನ್ ಎಂಬ ಪ್ರೊಟೀನಿನ ರಚನೆ ಹೊರಬಂತು, 1996ರಲ್ಲಿ ಹಲಸಿನ ಬೀಜದ ಜಾಕಲಿನ್ ಪ್ರೊಟೀನಿನದು. ನಾವು ಹುಳಿಗೆ ಹಾಕಿ ತಿನ್ನುವ ಹಲಸಿನ ಬೀಜ! ಅದರೊಳಗಿನ ಆ ಪ್ರೊಟೀನಿನ ಮಡಿಕೆ ಎಂಥದ್ದು ಎಂದು ಲೋಕಕ್ಕೆ ಗೊತ್ತಾದದ್ದು ಇಲ್ಲಿ, ನಮ್ಮ ರಾಜ್ಯದಲ್ಲಿ. ಸೆಮಿನಾರಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚೂ ತಲೆಯೆತ್ತಿ ನೋಡಿತು.

ಸೆಮಿನಾರ್ ಮುಗಿದ ಮೇಲೆ ಗೆಳೆಯನೊಬ್ಬ ಕೇಳಿದ, “ಈಗ ಎಐ ಎಲ್ಲಾ ಪ್ರೊಟೀನಿನ ರಚನೆಯನ್ನೂ ಹೇಳುತ್ತಲ್ಲ, ಹರಳು ಯಾರಿಗೆ ಬೇಕು?” ನ್ಯಾಯವಾದ ಪ್ರಶ್ನೆ. ಆಲ್ಫಾಫೋಲ್ಡ್ 2020ರಲ್ಲಿ ಎಲ್ಲರನ್ನೂ ಬೆರಗುಗೊಳಿಸಿತು. 20 ಕೋಟಿಗೂ ಹೆಚ್ಚು ಪ್ರೊಟೀನ್‌ಗಳ ರಚನೆಯ ಊಹೆ ಇವತ್ತು ಎಲ್ಲರಿಗೂ ಉಚಿತ. ಅದನ್ನು ಮಾಡಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು. ಆದರೆ ಆ ಯಂತ್ರ ಕಲಿತದ್ದು ಎಲ್ಲಿಂದ? 1971ರಲ್ಲಿ ಬರೀ ಏಳು ರಚನೆಗಳಿಂದ ಶುರುವಾದ ಪ್ರೊಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರದಿಂದ. ಐವತ್ತು ವರ್ಷ ವಿಜ್ಞಾನಿಗಳು ತಮ್ಮ ರಚನೆಗಳನ್ನು ಒಂದೇ ಕಡೆ, ಒಂದೇ ಕ್ರಮದಲ್ಲಿ ಬರೆದಿಟ್ಟರು. ಈಗ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ, ಹೆಚ್ಚಿನವು ಹರಳಿನಿಂದಲೇ ಬಂದವು.

ಹಾಗಾದರೆ ಹರಳುಗಟ್ಟುವ ಸ್ಥಿತಿಯನ್ನೂ ಯಂತ್ರ ಊಹಿಸಲಿ ಎಂದರೆ ಅದಕ್ಕೆ ಕಲಿಯಲು ಅಂಥ ಭಂಡಾರವಿಲ್ಲ. ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ, ವಿಷಯವೇ ಜಟಿಲವಾದದ್ದು. ಆದರೆ ಜಟಿಲತೆಯನ್ನು ನಾವು ಬದಲಿಸಲಾರೆವು, ಬರೆಯದಿರುವ ಅಭ್ಯಾಸವನ್ನು ಬದಲಿಸಬಹುದು.

ಬದಲಿಸಿದವರೂ ಇದ್ದಾರೆ. ಅಮೆರಿಕದ ಬಫಲೋ ನಗರದ ಒಂದು ಕೇಂದ್ರದಲ್ಲಿ ಒಂದೊಂದು ಪ್ರೊಟೀನನ್ನೂ ಒಂದೇ ತಟ್ಟೆಯ 1,536 ಸ್ಥಿತಿಗಳಲ್ಲಿ ಪರೀಕ್ಷಿಸಿ, ಗೆದ್ದದ್ದು ಸೋತದ್ದು ಎನ್ನದೆ ಎಲ್ಲ ಹನಿಗಳ ಫೋಟೊ ಇಟ್ಟುಕೊಂಡರು. ಇಂಥ ಹಲವು ಸಂಸ್ಥೆಗಳು ಕೂಡಿ ಸುಮಾರು ಐದು ಲಕ್ಷ ಫೋಟೊಗಳನ್ನು ಒಟ್ಟು ಮಾಡಿ, ಹರಳು, ಗಸಿ, ತಿಳಿ, ಇತರೆ ಎಂದು ನಾಲ್ಕು ಗುಂಪು ಮಾಡಿ ಕಂಪ್ಯೂಟರಿಗೆ ಕಲಿಸಿದವು. 2018ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಯಂತ್ರ ನೂರಕ್ಕೆ ಸುಮಾರು 94 ಹನಿಗಳನ್ನು ಸರಿಯಾಗಿ ಗುರುತಿಸಿತು. ಗುರುತಿಸುವುದು ಬೇರೆ, ಮುಂಚಿತವಾಗಿ ಹೇಳುವುದು ಬೇರೆ, ನಿಜ. ಆದರೂ ಗಸಿಯ ಫೋಟೊಗಳನ್ನು ಎಸೆದಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ಹ್ಯಾವರ್‌ಫರ್ಡ್ ಎಂಬ ಕಾಲೇಜಿನ ಕಥೆ. ಅದು ಪದವಿ ಓದುವ ವಿದ್ಯಾರ್ಥಿಗಳ ಸಣ್ಣ ಕಾಲೇಜು. ಅವರ ಹರಳು ಪ್ರೊಟೀನಿನದಲ್ಲ, ಲೋಹದ ಲವಣಗಳದ್ದು. ಅಲ್ಲಿನ ಅಧ್ಯಾಪಕರು ಹಳೆಯ ಲ್ಯಾಬ್ ನೋಟ್‌ಬುಕ್ಕುಗಳನ್ನು ತೆಗೆದು, ಆಗದೆ ಬಿಟ್ಟ ಪ್ರಯೋಗಗಳೂ ಸೇರಿದಂತೆ ಸುಮಾರು ನಾಲ್ಕು ಸಾವಿರ ಪ್ರಯೋಗಗಳ ವಿವರವನ್ನು ಕಂಪ್ಯೂಟರಿಗೆ ಕೊಟ್ಟರು. ಹೊಸ ಹರಳುಗಳಿಗೆ ಯಾವ ಸ್ಥಿತಿ ಹೊಂದುತ್ತದೆ ಎಂದು ಊಹಿಸುವುದರಲ್ಲಿ ಆ ಯಂತ್ರ ನೂರಕ್ಕೆ 89 ಸಲ ಗೆದ್ದಿತು. ಅನುಭವಿ ರಸಾಯನಶಾಸ್ತ್ರಜ್ಞರ ಊಹೆ ಗೆದ್ದದ್ದು 78 ಸಲ. ಇದು 2016ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಎಸೆಯಬೇಕಾದ ನೋಟ್‌ಬುಕ್ಕುಗಳಿಂದ! ಅಲ್ಲಿನವರು ಆಗದ್ದನ್ನು ಆಗಲಿಲ್ಲ ಎಂದು ಬರೆದಿದ್ದರು, ಅಷ್ಟೇ. ನಮ್ಮ ರೆಕಾರ್ಡ್‌ಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಕಲಿಯುವುದು ಒಂದೇ: ಏನು ಮಾಡಿದರೂ ಕಡು ನೀಲಿ ಹರಳು ಬರುತ್ತದೆ.

ನಮ್ಮ ಅಮ್ಮಿ ವಿಜ್ಞಾನ ಓದಿದವರಲ್ಲ. ಆದರೆ ಕೊಬ್ಬರಿ ಮಿಠಾಯಿಯ ಪಾಕ ಇಟ್ಟಾಗ ಅವರಿಗೆ ಹಿಂದೆ ಕೆಟ್ಟ ಪಾಕಗಳೆಲ್ಲ ನೆನಪಿರುತ್ತವೆ. ಆ ಸಲ ಮಳೆ ಹಿಡಿದಿತ್ತು, ಪಾಕ ಬಿಗಿಯಲಿಲ್ಲ. ಇನ್ನೊಂದು ಸಲ ಸೌಟು ಆಡಿಸಿದ್ದು ಹೆಚ್ಚಾಯಿತು, ಸಕ್ಕರೆ ಮತ್ತೆ ಹರಳಾಗಿ ಕೂತಿತು. ನಾಲ್ಕು ಹನಿ ನಿಂಬೆರಸ ಹಿಂಡಬೇಕಿತ್ತು. ಹೀಗೆ ಒಂದೊಂದನ್ನೂ ಎಣಿಸುತ್ತಾರೆ. ಅವರ ಹದ ತಪ್ಪದಿರುವುದು ಈ ನೆನಪಿನಿಂದ. ನಾವು ನಮ್ಮ ಕೆಟ್ಟ ಪಾಕವನ್ನು ಸಿಂಕಿಗೆ ಸುರಿದು, ಸೀನಿಯರ್‌ನ ಒಳ್ಳೆಯ ಪಾಕವನ್ನು ಪುಸ್ತಕದಲ್ಲಿ ಬರೆಯುತ್ತೇವೆ.

ನನ್ನ ಸಲಹೆ ಚಿಕ್ಕದು. ಕೆಮಿಸ್ಟ್ರಿ, ಬಯಾಲಜಿ ಲ್ಯಾಬುಗಳಲ್ಲಿ ಒಂದೊಂದು ಲಾಂಗ್‌ಬುಕ್ ಇಡೋಣ. ಪ್ರಯೋಗ ಆಗದಿದ್ದರೆ ಅದರಲ್ಲಿ ಬರೆಯೋಣ. ಏನು ಎಷ್ಟು ಹಾಕಿದೆವು, ಎಷ್ಟು ಹೊತ್ತು ಕಾಯಿಸಿದೆವು, ಅವತ್ತು ಹವೆ ಹೇಗಿತ್ತು, ಕೊನೆಗೆ ಕಂಡದ್ದೇನು. ಹೆಸರು ಬೇಡ, ಬ್ಯಾಚ್ ಸಂಖ್ಯೆ ಸಾಕು. ಅದಕ್ಕೆ ಅಂಕ ಕೊಡುವುದೂ ಬೇಡ, ಕಳೆಯುವುದೂ ಬೇಡ.

ಕೆಮಿಸ್ಟ್ರಿ ಸರ್ ಮುಂದೆ ಇದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. “ನೋಡಮ್ಮಾ, ಪ್ರಾಕ್ಟಿಕಲ್‌ಗೆ 30 ಅಂಕ ಇದೆ. ಎಕ್ಸ್‌ಟರ್ನಲ್ ಎದುರಿಗೆ ನಿನ್ನ ಸೋಲನ್ನು ತೋರಿಸ್ತೀಯಾ?” ಎಂದರು. ಇಲ್ಲ ಸರ್, ರೆಕಾರ್ಡ್ ಪುಸ್ತಕ ಬೇರೆ, ಇದು ಬೇರೆ ಎಂದೆ. “ಹಾಗೆ ಬಿಟ್ಟರೆ ಎಲ್ಲರೂ ಆಗಲಿಲ್ಲ ಅಂತ ಬರೆದು ಕೂರ್ತಾರೆ” ಎಂದರು. ಈ ಮಾತಿಗೆ ಅಲ್ಲಿ ಉತ್ತರ ಹೊಳೆಯಲಿಲ್ಲ, ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು. ಸರ್, ಇದನ್ನು ನೀವು ಓದುತ್ತೀರೆಂದು ನಂಬಿ ಇಲ್ಲಿ ಬರೆಯುತ್ತಿದ್ದೇನೆ. ಸೋಮಾರಿಯಾದವರಿಗೆ ಈಗಿರುವ ದಾರಿಯೇ ಸುಲಭ. ಸೀನಿಯರ್ ಪುಸ್ತಕ ತೆರೆದು ಹತ್ತು ನಿಮಿಷದಲ್ಲಿ ನಕಲು ಮಾಡಿದರೆ ಮುಗಿಯಿತು. ಆಗಲಿಲ್ಲ ಎಂಬುದನ್ನು ವಿವರವಾಗಿ ಬರೆಯಬೇಕಾದರೆ ಪ್ರಯೋಗ ಮಾಡಿರಬೇಕು, ನೋಡುತ್ತಲೂ ಇರಬೇಕು. ನಾನು ಅವತ್ತು ಗೆಳತಿಯ ಜೊತೆ ಮಾತಾಡುತ್ತ ನಿಂತಿದ್ದರಿಂದ, ಎಷ್ಟು ನಿಮಿಷ ಹೆಚ್ಚು ಕಾಯಿಸಿದೆ ಎಂದು ಇವತ್ತಿಗೂ ಹೇಳಲಾರೆ.

ಸಹಿ ಹಾಕುವ ಅಧ್ಯಾಪಕರ ಕಷ್ಟವೂ ನನಗೆ ಅರ್ಥವಾಗುತ್ತದೆ. ಇಷ್ಟೊಂದು ಪುಸ್ತಕಗಳನ್ನು ವಾರದೊಳಗೆ ನೋಡಿ ಮುಗಿಸಬೇಕಾದಾಗ ಯಾರ ಪುಡಿ, ಯಾರ ಹರಳು ಎಂದು ವಿಚಾರಿಸಲು ಸಮಯವೆಲ್ಲಿ. ಅವರ ಮೇಲೆ ನನ್ನ ದೂರಿಲ್ಲ. ಸುಳ್ಳು ಬರೆದದ್ದು ನನ್ನ ಪೆನ್ನು.

ಕಳೆದ ವಾರ ನಮ್ಮ ಬೀದಿಯ ಸ್ಟೇಷನರಿ ಅಂಗಡಿಯಿಂದ ಒಂದು 200 ಪುಟದ ಲಾಂಗ್‌ಬುಕ್ ತಂದೆ. ಅಟೆಂಡರ್ ಚಾಚಾ ಅದನ್ನು ಕೆಮಿಸ್ಟ್ರಿ ಲ್ಯಾಬಿನ ಕಿಟಕಿ ಪಕ್ಕದ ಶೆಲ್ಫಿನಲ್ಲಿ, ಫಿಲ್ಟರ್ ಪೇಪರ್ ಡಬ್ಬಿಯ ಪಕ್ಕ ಇಟ್ಟಿದ್ದಾರೆ. ಕಳೆದುಹೋಗದಿರಲಿ ಎಂದು ಪೆನ್ನನ್ನು ದಾರದಲ್ಲಿ ಕಟ್ಟಿದ್ದೂ ಅವರೇ. ಮೊದಲ ಪುಟದಲ್ಲಿ ನನ್ನ ಮೈಲುತುತ್ತದ ಪ್ರಯೋಗವಿದೆ. ಕಾಯಿಸಿದ ಸಮಯದ ಎದುರು ‘ಗಮನಿಸಲಿಲ್ಲ’ ಎಂದು ಬರೆದಿದ್ದೇನೆ. ಆಮ್ಲ ಮರೆತ ಬ್ಯಾಚಿನವರು ಮೊನ್ನೆ ಬಂದು ನಗುತ್ತ ಎರಡನೇ ಪುಟ ತುಂಬಿಸಿದರು. ಮೂರನೆಯದರಿಂದ ಮುಂದೆ ಖಾಲಿಯಿದೆ.